ಚರ್ಮವೋ ಬಟ್ಟೆಯೋ: ಮೋಟರ್‌ಸೈಕಲ್ ಸವಾರರ ರಕ್ಷಾ ಉಡುಪಿನ ಚರಿತ್ರೆ

ಮೋಟರ್‌ಸೈಕಲ್ ಸವಾರರ ರಕ್ಷಾ ಉಡುಪು ಚರ್ಮದ್ದಿರಬೇಕೋ ಬಟ್ಟೆಯದ್ದಿರಬೇಕೋ ಎಂಬ ಚರ್ಚೆ ಇಂದು ಬಹುಪಾಲು ಅಪಘಾತದ ಸುತ್ತಲೇ ನಡೆಯುತ್ತದೆ. ಸವಾರ ರಸ್ತೆಗೆ ಬಿದ್ದು ಜಾರಿಕೊಂಡು ಹೋಗುವಾಗ ಯಾವುದು ಹೆಚ್ಚು ಹೊತ್ತು ತಾಳಿಕೊಂಡೀತು, ಯಾವುದರ ಹೊಲಿಗೆ ಮೊದಲು ಬಿಚ್ಚೀತು ಎಂಬುವೇ ಅಲ್ಲಿನ ಮುಖ್ಯ ಪ್ರಶ್ನೆಗಳು. ಆದರೆ ಈ ಉಡುಪುಗಳ ಚರಿತ್ರೆಯನ್ನು ಮೊದಲಿನಿಂದ ಅನುಕ್ರಮವಾಗಿ ನೋಡಿದರೆ, ಚರ್ಮವಾಗಲಿ ಬಟ್ಟೆಯಾಗಲಿ ಸವಾರರ ಮೈಯೇರಿದ್ದು ಅಪಘಾತದ ವಿಚಾರದಿಂದಲ್ಲ, ಗಾಳಿ ಮಳೆ ಚಳಿಗಳ ಕಾರಣದಿಂದ ಎಂಬುದು ಸ್ಪಷ್ಟವಾಗುತ್ತದೆ. ಬೀಳುವ ಮೈಯನ್ನು ಉಡುಪು ಎಷ್ಟರ ಮಟ್ಟಿಗೆ ಕಾಯುತ್ತದೆ ಎಂಬುದನ್ನು ಅಳೆಯುವ ಕ್ರಮ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಷ್ಟೇ ರೂಪುಗೊಂಡಿತು. ಅಷ್ಟರೊಳಗೆ ಹವೆ, ಯುದ್ಧ, ಪಂದ್ಯ ಮತ್ತು ಸಿನಿಮಾ ಸೇರಿ ಎರಡೂ ಪಕ್ಷಗಳ ಅಭಿಮಾನಗಳನ್ನು ಗಟ್ಟಿಗೊಳಿಸಿಬಿಟ್ಟಿದ್ದವು.

ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೇಬ್ಯಾಕ್ 1885ರಲ್ಲಿ ಪೆಟ್ರೋಲ್ ಎಂಜಿನ್ನನ್ನು ಮರದ ಚೌಕಟ್ಟಿನ ದ್ವಿಚಕ್ರಕ್ಕೆ ಕೂಡಿಸಿದರು. 1894ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಹಿಲ್ಡೆಬ್ರಾಂಡ್ ಮತ್ತು ವೋಲ್ಫ್‌ಮ್ಯೂಲರ್ ಕಂಪನಿಯು ಮೋಟರ್‌ಸೈಕಲನ್ನು ಮಾರಾಟಕ್ಕಾಗಿ ಸಾಲಾಗಿ ತಯಾರಿಸತೊಡಗಿತು. ಈ ಹೊಸ ವಾಹನಕ್ಕೆಂದೇ ಹೊಲಿದ ಉಡುಪು ಆಗ ಇರಲಿಲ್ಲ. ಆದ್ದರಿಂದ ಮೊದಲ ತಲೆಮಾರಿನ ಸವಾರರು ಕುದುರೆ ಸವಾರಿಯ ಬಿಗಿ ಷರಾಯಿ, ಮೊಣಕಾಲಿನವರೆಗೆ ಬರುವ ಬೂಟು, ದಪ್ಪ ಉಣ್ಣೆಯ ಕೋಟು ಇವುಗಳನ್ನೇ ತೊಟ್ಟರು. ಮುಚ್ಚಿಗೆಯಿಲ್ಲದ ಮೋಟರುಗಾಡಿಗಳ ಚಾಲಕರು ಮತ್ತು ಅವರ ಬೆನ್ನಿಗೇ ಬಂದ ವಿಮಾನ ಚಾಲಕರು ಉದ್ದನೆಯ ಚರ್ಮದ ಕೋಟುಗಳನ್ನು ರೂಢಿಗೆ ತಂದಾಗ ಮೋಟರ್‌ಸೈಕಲ್ ಸವಾರರೂ ಅದನ್ನು ಅನುಸರಿಸಿದರು. ಉಣ್ಣೆಯ ನೇಯ್ಗೆಯ ಸಂದುಗಳಲ್ಲಿ ತೂರಿಬರುವ ಗಾಳಿಯನ್ನು ಚರ್ಮ ತಡೆಯುತ್ತದೆ, ಕೆಸರನ್ನೂ ಎಂಜಿನ್ನಿನಿಂದ ಸಿಡಿಯುವ ಎಣ್ಣೆಯನ್ನೂ ಅದರ ಮೇಲಿಂದ ಒರೆಸಿಬಿಡಬಹುದು ಎಂಬುದಷ್ಟೇ ಈ ಆಯ್ಕೆಯ ಹಿಂದಿದ್ದ ತರ್ಕ.

ಚರ್ಮವನ್ನು ಮೈಗೆ ಒಗ್ಗುವ ಉಡುಪಾಗಿ ಹೊಲಿಯಲು ಸಾಧ್ಯವಾದದ್ದರ ಹಿಂದೆ ಅದೇ ಕಾಲದ ಇನ್ನೊಂದು ಬದಲಾವಣೆಯಿದೆ. ಹಸಿ ತೊಗಲು ಕೊಳೆಯದಂತೆ ಮಾಡಿ ಬಾಳಿಕೆ ಬರುವ ಚರ್ಮವಾಗಿಸುವ ಕೆಲಸಕ್ಕೆ ಹದ ಮಾಡುವುದು ಎನ್ನುತ್ತಾರೆ. ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆ ಮತ್ತು ಅಳಲೆಕಾಯಿಯನ್ನು ಬಳಸುತ್ತಿದ್ದಂತೆ, ಯುರೋಪಿನಲ್ಲಿ ಓಕ್ ಮರದ ತೊಗಟೆಯ ಒಗರು ರಸದಲ್ಲಿ ತೊಗಲನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ನೆನೆಹಾಕುವುದು ಹಳೆಯ ಕ್ರಮವಾಗಿತ್ತು. ಅಮೆರಿಕದ ಆಗಸ್ಟಸ್ ಶುಲ್ಟ್ಸ್ 1884ರಲ್ಲಿ ಕ್ರೋಮಿಯಂ ಲವಣಗಳಿಂದ ಹದ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. 1893ರಲ್ಲಿ ಮಾರ್ಟಿನ್ ಡೆನ್ನಿಸ್ ಅದನ್ನು ಒಂದೇ ಹಂತದ ಸರಳ ಕ್ರಮಕ್ಕೆ ಇಳಿಸಿದರು. ಕ್ರೋಮ್ ಹದದ ಚರ್ಮ ತೊಗಟೆ ಹದದ್ದಕ್ಕಿಂತ ಬೇಗ ಸಿದ್ಧವಾಗುತ್ತದೆ, ಮೆತ್ತಗಿರುತ್ತದೆ, ನೀರು ಮತ್ತು ಕಾವಿಗೆ ಸುಲಭವಾಗಿ ಸುಕ್ಕುಗಟ್ಟುವುದಿಲ್ಲ. ಈ ವಿದ್ಯೆಯನ್ನು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮದರಾಸಿಗೆ ತಂದು ಬೆಳೆಸಿದ ಆಲ್ಫ್ರೆಡ್ ಚಾಟರ್ಟನ್ ಮುಂದೆ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಮೋಟರ್‌ಸೈಕಲ್ಲು ಮತ್ತು ಕ್ರೋಮ್ ಚರ್ಮ ಎರಡೂ ಹೆಚ್ಚು ಕಡಿಮೆ ಒಂದೇ ದಶಕದ ಕೂಸುಗಳಾದದ್ದು ಕಾಕತಾಳೀಯವಾದರೂ, ಒಂದಿಲ್ಲದೆ ಇನ್ನೊಂದರ ಉಡುಪು ಈಗಿನ ರೂಪ ತಳೆಯುತ್ತಿರಲಿಲ್ಲ.

ಅಪಘಾತದ ವಿಚಾರ ಮೊದಲು ತಟ್ಟಿದ್ದು ಮೈಯನ್ನಲ್ಲ, ತಲೆಯನ್ನು. ಐರಿಷ್ ಸಮುದ್ರದ ಮ್ಯಾನ್ ದ್ವೀಪದಲ್ಲಿ 1907ರಲ್ಲಿ ಆರಂಭವಾದ ಟಿ.ಟಿ. ಎಂಬ ಮೋಟರ್‌ಸೈಕಲ್ ಪಂದ್ಯ 1911ರಿಂದ ಬೆಟ್ಟದ ದಾರಿಗೆ ಏರಿ ಹೆಚ್ಚು ಅಪಾಯಕರವಾಯಿತು. ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಹಾದಿಯಲ್ಲಿ ವೈದ್ಯರಾಗಿದ್ದ ಎರಿಕ್ ಗಾರ್ಡ್ನರ್, ತಲೆಗೆ ಪೆಟ್ಟಾದ ಸವಾರರನ್ನು ಮೇಲಿಂದ ಮೇಲೆ ಕಂಡು, ಕ್ಯಾನ್ವಾಸ್ ಬಟ್ಟೆಗೆ ಅರಗು ಲೇಪಿಸಿ ಗಟ್ಟಿಗೊಳಿಸಿದ ಶಿರಸ್ತ್ರಾಣವೊಂದನ್ನು ಮಾಡಿಸಿದರು, 1914ರ ಟಿ.ಟಿ. ಪಂದ್ಯದಲ್ಲಿ ಅದು ಕಡ್ಡಾಯವಾಯಿತು. 1935ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಮತ್ತು ಲೇಖಕ ಟಿ. ಇ. ಲಾರೆನ್ಸ್ ಮೋಟರ್‌ಸೈಕಲ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡಾಗ ಅವರ ಚಿಕಿತ್ಸೆಯಲ್ಲಿ ಪಾಲ್ಗೊಂಡಿದ್ದ ನರಶಸ್ತ್ರವೈದ್ಯ ಹ್ಯೂ ಕೇರ್ನ್ಸ್, 1941ರಲ್ಲಿ ಸವಾರರ ತಲೆಪೆಟ್ಟುಗಳ ಬಗ್ಗೆ ಪ್ರಬಂಧ ಪ್ರಕಟಿಸಿ ಹೆಲ್ಮೆಟ್ಟಿನ ಪ್ರಯೋಜನವನ್ನು ಪುರಾವೆಸಹಿತ ತೋರಿಸಿಕೊಟ್ಟರು. ತಲೆಯ ವಿಷಯದಲ್ಲಿ ವೈದ್ಯಕೀಯ ವಿಚಾರ ಇಷ್ಟು ಮುಂದೆ ಹೋಗಿದ್ದ ಕಾಲದಲ್ಲೂ ಕುತ್ತಿಗೆಯಿಂದ ಕೆಳಗಿನ ಉಡುಪು ಹವೆಯ ಮಾತಾಗಿಯೇ ಉಳಿದಿತ್ತು.

ಬಟ್ಟೆಯ ಪಕ್ಷದ ಮೂಲ ಸಮುದ್ರದಲ್ಲಿದೆ. ಹಾಯಿಹಡಗುಗಳ ನಾವಿಕರು ಹಾಯಿಬಟ್ಟೆಗೆ ಅಗಸೆ ಎಣ್ಣೆ ಬಳಿದರೆ ಅದು ನೀರು ಹೀರುವುದಿಲ್ಲವೆಂದು ಕಂಡುಕೊಂಡು, ಹರಿದ ಹಾಯಿಗಳಿಂದಲೇ ಮಳೆಯ ಮೇಲಂಗಿಗಳನ್ನು ಮಾಡಿಕೊಳ್ಳುತ್ತಿದ್ದರು. ಅಗಸೆ ಎಣ್ಣೆ ಚಳಿಯಲ್ಲಿ ಬಿರುಸಾಗಿ, ಕಾಲಕ್ರಮದಲ್ಲಿ ಹಳದಿಗಟ್ಟುತ್ತಿದ್ದುದರಿಂದ ಮುಂದೆ ಅದರ ಜಾಗಕ್ಕೆ ಮೇಣ ಬಂದು, ಒತ್ತಾಗಿ ನೇಯ್ದ ಹತ್ತಿಬಟ್ಟೆಗೆ ಮೇಣ ಹೀರಿಸಿದ ಮೇಣಬಟ್ಟೆ ತಯಾರಾಯಿತು. ಇಂಗ್ಲೆಂಡಿನ ಸೌತ್ ಶೀಲ್ಡ್ಸ್ ಬಂದರಿನಲ್ಲಿ 1894ರಲ್ಲಿ ಶುರುವಾದ ಬಾರ್ಬರ್ ಅಂಗಡಿಯು ಮೀನುಗಾರರಿಗೂ ಹಡಗು ಕೆಲಸದವರಿಗೂ ಇಂಥ ಬಟ್ಟೆ ಮಾರುತ್ತಿತ್ತು. 1936ರಲ್ಲಿ ಅದು ಆರು ದಿನಗಳ ಅಂತರರಾಷ್ಟ್ರೀಯ ಟ್ರಯಲ್ ಪಂದ್ಯದ ಸವಾರರಿಗಾಗಿ ಇಂಟರ್‌ನ್ಯಾಷನಲ್ ಎಂಬ ಮೇಣಬಟ್ಟೆಯ ಜಾಕೆಟನ್ನು ಹೊರತಂದಿತು. ಟ್ರಯಲ್ ಎಂದರೆ ವೇಗಕ್ಕಿಂತ ತಾಳ್ಮೆಯನ್ನೂ ಹತೋಟಿಯನ್ನೂ ಪರೀಕ್ಷಿಸುವ, ಕಲ್ಲು ಕೆಸರು ಹಳ್ಳಗಳ ಮೇಲೆ ದಿನಗಟ್ಟಲೆ ನಡೆಯುವ ಪಂದ್ಯ. ಬ್ರಿಟನ್ನಿನ ಜಡಿಮಳೆಯಲ್ಲಿ ಚರ್ಮ ನೆನೆದು ಭಾರವಾಗುತ್ತಿತ್ತು, ಬೇಗ ಒಣಗುತ್ತಿರಲಿಲ್ಲ; ಮೇಣಬಟ್ಟೆ ಹಗುರವಾಗಿದ್ದು ನೀರನ್ನು ಹೊರಗೇ ಇಳಿಸಿಬಿಡುತ್ತಿತ್ತು. ಸ್ಟೋಕ್ ಪ್ರದೇಶದ ಲಾಂಗ್ಟನ್‌ನಲ್ಲಿ 1924ರಲ್ಲಿ ಸ್ಥಾಪಿತವಾದ ಬೆಲ್‌ಸ್ಟಾಫ್ ಕಂಪನಿ 1948ರಲ್ಲಿ ಟ್ರಯಲ್‌ಮಾಸ್ಟರ್ ಜಾಕೆಟ್ಟಿನೊಡನೆ ಇದೇ ಹಾದಿ ಹಿಡಿಯಿತು.

ಎರಡನೆಯ ಮಹಾಯುದ್ಧವು ಬಟ್ಟೆಯ ಪಕ್ಷಕ್ಕೆ ಬಲ ತಂದಿತು. ಠಾಣೆಯಿಂದ ಠಾಣೆಗೆ ಸಂದೇಶ ಒಯ್ಯುತ್ತಿದ್ದ ಬ್ರಿಟಿಷ್ ಸೈನಿಕ ಸವಾರರಿಗೂ ಜರ್ಮನ್ ಮೋಟರ್‌ಸೈಕಲ್ ದಳದವರಿಗೂ ರಬ್ಬರು ಲೇಪಿಸಿದ ಬಟ್ಟೆಯ ಉದ್ದ ಕೋಟುಗಳನ್ನು ಒದಗಿಸಲಾಯಿತು. ಬ್ರಿಟಿಷ್ ಜಲಾಂತರ್ಗಾಮಿ ಅರ್ಸುಲಾದ ಕಪ್ತಾನ ಜಾರ್ಜ್ ಫಿಲಿಪ್ಸ್ ಬಾರ್ಬರ್ ಕಂಪನಿಯ ಮೋಟರ್‌ಸೈಕಲ್ ಉಡುಪನ್ನು ತನ್ನ ನಾವಿಕರಿಗೆ ಹೊಂದುವಂತೆ ಮಾರ್ಪಡಿಸಿಕೊಂಡದ್ದರಿಂದ, ಸಮುದ್ರದಿಂದ ರಸ್ತೆಗೆ ಬಂದಿದ್ದ ಮೇಣಬಟ್ಟೆ ಮರಳಿ ಸಮುದ್ರಕ್ಕೇ ಇಳಿಯಿತು. ಜಲಾಂತರ್ಗಾಮಿಯವರಿಗೂ ಸವಾರರಿಗೂ ಒಂದೇ ಉಡುಪು ಸಲ್ಲುತ್ತಿತ್ತೆಂಬ ಈ ಸಂಗತಿಯೇ, ಅದನ್ನು ಹೊಲಿದವರ ಗಮನ ಯಾವುದರ ಮೇಲಿತ್ತೆಂಬುದನ್ನು ಹೇಳುತ್ತದೆ.

ಅಮೆರಿಕದಲ್ಲಿ ಕಥೆ ಬೇರೆಯಾಯಿತು. ನ್ಯೂಯಾರ್ಕಿನ ಷಾಟ್ ಸಹೋದರರ ಕಂಪನಿ 1928ರಲ್ಲಿ ಪರ್ಫೆಕ್ಟೋ ಎಂಬ ಚರ್ಮದ ಜಾಕೆಟನ್ನು ತಯಾರಿಸಿ, ಹಾರ್ಲೆ-ಡೇವಿಡ್‌ಸನ್ ಮಾರಾಟಗಾರರೊಬ್ಬರ ಮೂಲಕ 5.50 ಡಾಲರಿಗೆ ಮಾರಿತು. ಆಗಿನ್ನೂ ಹೊಸದಾಗಿದ್ದ ಜಿಪ್ಪನ್ನು ಎದೆಗೆ ನೇರವಾಗಿ ಹೊಲಿಯದೆ ಓರೆಯಾಗಿ ಹೊಲಿದದ್ದು ಅದರ ವಿಶೇಷ. ಇದರಿಂದ ಮುಂಭಾಗದ ಎರಡು ಪದರಗಳು ಒಂದರ ಮೇಲೊಂದು ಬಂದು ಗಾಳಿಯ ಹಾದಿ ಮುಚ್ಚುತ್ತಿತ್ತು, ಸವಾರ ಮುಂದಕ್ಕೆ ಬಾಗಿದಾಗ ಜಿಪ್ಪು ಹೊಟ್ಟೆಗೆ ಒತ್ತುತ್ತಿರಲಿಲ್ಲ. ಇಲ್ಲಿಯೂ ಲೆಕ್ಕಕ್ಕೆ ಬಂದದ್ದು ಗಾಳಿ ಮತ್ತು ಅನುಕೂಲವೇ. 1953ರ ದಿ ವೈಲ್ಡ್ ಒನ್ ಚಿತ್ರದಲ್ಲಿ ಮಾರ್ಲನ್ ಬ್ರಾಂಡೊ ಇದೇ ಮಾದರಿಯ ಕಪ್ಪು ಜಾಕೆಟ್ ತೊಟ್ಟು ಪುಂಡರ ಗುಂಪಿನ ನಾಯಕನಾಗಿ ಕಾಣಿಸಿಕೊಂಡ ಮೇಲೆ, ಚರ್ಮದ ಜಾಕೆಟ್ಟಿಗೆ ಹವೆಗೂ ಸುರಕ್ಷತೆಗೂ ಸಂಬಂಧವಿಲ್ಲದ ಮೂರನೆಯ ಅರ್ಥವೊಂದು ಅಂಟಿಕೊಂಡಿತು. ಬ್ರಿಟನ್ನಿನ ಸೆನ್ಸಾರ್ ಮಂಡಳಿ 1967ರವರೆಗೆ ಆ ಚಿತ್ರಕ್ಕೆ ಅನುಮತಿ ಕೊಡದಿದ್ದರೂ ಜಾಕೆಟ್ಟಿನ ರೂಢಿ ತಡೆಯಲಾಗಲಿಲ್ಲ. ಲಂಡನ್ನಿನ ಏಸ್ ಕೆಫೆಯಂಥ ಹೆದ್ದಾರಿ ಹೋಟೆಲುಗಳ ಮುಂದೆ ಸೇರುತ್ತಿದ್ದ ಯುವಕರಿಗೆ ಅದು ಗುರುತಿನ ಉಡುಪೇ ಆಯಿತು.

ಚರ್ಮಕ್ಕೆ ರಕ್ಷಣೆಯ ಹಿರಿಮೆ ತಂದುಕೊಟ್ಟದ್ದು ಪಂದ್ಯದ ಹಾದಿ. ಅಲ್ಲಿಯೂ ಮೊದಲ ಹೆಜ್ಜೆ ಬೇರೆ ಉದ್ದೇಶದಿಂದಲೇ ಇಟ್ಟದ್ದು: ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಊರಿನ ಜೆಫ್ ಡ್ಯೂಕ್ 1950ರ ಸುಮಾರಿಗೆ ತನ್ನೂರಿನ ದರ್ಜಿ ಫ್ರಾಂಕ್ ಬಾರ್ಕರ್ ಅವರಿಂದ ಮೇಲಂಗಿ ಮತ್ತು ಷರಾಯಿ ಒಂದಾಗಿರುವ ಬಿಗಿಯಾದ ಚರ್ಮದ ಉಡುಪನ್ನು ಹೊಲಿಸಿಕೊಂಡದ್ದು ಗಾಳಿಯ ಎಳೆತ ಕಡಿಮೆಯಾಗಲೆಂದು. ಆದರೆ ಸೊಂಟದಲ್ಲಿ ಬೇರ್ಪಡದ ಉಡುಪು ಬಿದ್ದಾಗ ಮೇಲಕ್ಕೆ ಸರಿದು ಮೈ ಬಯಲಾಗಲು ಬಿಡುವುದಿಲ್ಲವೆಂಬುದು ಬೇಗನೆ ಅನುಭವಕ್ಕೆ ಬಂದು, ಸರ್ಕ್ಯೂಟ್ ಪಂದ್ಯಗಳಲ್ಲಿ ಅದೇ ರೂಢಿಯಾಯಿತು. ಮುಂದಿನ ಅಧ್ಯಾಯ ಇಟಲಿಯದು. ವಿಚೆಂಜಾ ಬಳಿಯ ಮೊಲ್ವೆನಾದಲ್ಲಿ 1972ರಲ್ಲಿ ಲಿನೊ ಡೈನೆಸೆ ಚರ್ಮದ ಉಡುಪಿನ ಕಂಪನಿ ಆರಂಭಿಸಿದರು. 1975ರಲ್ಲಿ ಅಮೆರಿಕದ ಡೇಟೋನಾದಲ್ಲಿ ಗಂಟೆಗೆ ಸುಮಾರು 280 ಕಿಲೊಮೀಟರ್ ವೇಗದಲ್ಲಿ ಬಿದ್ದು ಹಲವು ಮೂಳೆ ಮುರಿದುಕೊಂಡಿದ್ದ ಬ್ರಿಟಿಷ್ ಪಟು ಬ್ಯಾರಿ ಷೀನ್, 1979ರಲ್ಲಿ ಡೈನೆಸೆ ಕಂಪನಿಯ ಬೆನ್ನಿನ ಕವಚವನ್ನು ತೊಟ್ಟು ಪಂದ್ಯಕ್ಕಿಳಿದರು. ಸೀಗಡಿಯ ಚಿಪ್ಪಿನಂತೆ ಒಂದರ ಮೇಲೊಂದು ಜಾರುವ ಫಲಕಗಳಿಂದ ಮಾಡಿದ ಆ ಕವಚವು ಒಂದು ಮುಖ್ಯ ವಿಚಾರವನ್ನು ಬೇರ್ಪಡಿಸಿ ತೋರಿಸಿತು: ಉಜ್ಜಿಕೆಯನ್ನು ತಾಳುವುದು ಚರ್ಮದ ಕೆಲಸ, ಅಪ್ಪಳಿಕೆಯನ್ನು ತಾಳುವುದು ಒಳಗಿನ ಕವಚದ ಕೆಲಸ. ಅಪ್ಪಳಿಕೆಯ ಕೆಲಸ ಚರ್ಮದ್ದಲ್ಲವೆಂದ ಮೇಲೆ, ಕವಚವನ್ನು ಬಟ್ಟೆಯೊಳಗೂ ಇಡಬಹುದೆಂಬ ದಾರಿ ತೆರೆಯಿತು. ಇದೇ ವಿಚಾರದ ಮುಂದುವರಿಕೆಯಾದ ಗಾಳಿಚೀಲ, ಎಂದರೆ ಬೀಳುತ್ತಿರುವ ಕ್ಷಣದಲ್ಲೇ ಉಬ್ಬಿ ಹೆಗಲು ಮತ್ತು ಕೊರಳೆಲುಬನ್ನು ಕಾಯುವ ಏರ್‌ಬ್ಯಾಗ್, 2018ರಿಂದ ಮೋಟೊಜಿಪಿ ಪಂದ್ಯಗಳಲ್ಲಿ ಕಡ್ಡಾಯವಾಗಿದೆ.

ಆ ದಾರಿಗೆ ಬೇಕಾದ ಬಟ್ಟೆ ಅಷ್ಟರಲ್ಲಿ ರಸಾಯನಶಾಲೆಗಳಲ್ಲಿ ಹುಟ್ಟಿತ್ತು. ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ವ್ಯಾಲೇಸ್ ಕ್ಯಾರೊದರ್ಸ್ ತಂಡ 1935ರಲ್ಲಿ ನೈಲಾನನ್ನು ತಯಾರಿಸಿತು. ಅದೇ ಕಂಪನಿಯ ಸ್ಟೆಫನಿ ಕ್ವಾಲೆಕ್ 1965ರಲ್ಲಿ ಕೆವ್ಲಾರ್ ಎಂಬ ಅರಾಮಿಡ್ ನಾರನ್ನು ಕಂಡುಹಿಡಿದರು. ಮೊದಲು ರೇಯಾನಿನಿಂದ ತಯಾರಾಗಿ ಎರಡನೆಯ ಮಹಾಯುದ್ಧದಲ್ಲಿ ಟೈರುಗಳಿಗೆ ಬಳಕೆಯಾದ ಕಾರ್ಡುರಾ, ಮುಂದೆ ದಪ್ಪ ನೈಲಾನ್ ಬಟ್ಟೆಯಾಗಿ ಚೀಲಗಳಿಗೂ ಉಡುಪುಗಳಿಗೂ ಬಂದಿತು. 1969ರಲ್ಲಿ ರಾಬರ್ಟ್ ಗೋರ್ ಶೋಧದಿಂದ ಬಂದ ಗೋರ್-ಟೆಕ್ಸ್ ಪೊರೆಯ ರಂಧ್ರಗಳು ನೀರಿನ ಹನಿ ಒಳನುಗ್ಗದಷ್ಟು ಕಿರಿದು, ಬೆವರಿನ ಆವಿ ಹೊರಹೋಗುವಷ್ಟು ಹಿರಿದು. ಅಮೆರಿಕದ ಡಲೂತ್ ನಗರದ ಆಂಡಿ ಗೋಲ್ಡ್‌ಫೈನ್ 1983ರಲ್ಲಿ ಕಾರ್ಡುರಾ ಮತ್ತು ಗೋರ್-ಟೆಕ್ಸ್ ಕೂಡಿಸಿ, ಕಚೇರಿಯ ಬಟ್ಟೆಯ ಮೇಲೆಯೇ ತೊಟ್ಟು ಬಿಚ್ಚಬಹುದಾದ, ಮೊಣಕೈ ಮೊಣಕಾಲು ಹೆಗಲುಗಳಲ್ಲಿ ಮೆತ್ತೆಯಿರುವ ರೋಡ್‌ಕ್ರಾಫ್ಟರ್ ಎಂಬ ಒಂದೇ ತುಂಡಿನ ಉಡುಪನ್ನು ಮಾರುಕಟ್ಟೆಗೆ ತಂದರು. ದಿನನಿತ್ಯ ಓಡಾಡುವ ಸವಾರನಿಗೆ ಹವೆಯ ರಕ್ಷಣೆ ಮತ್ತು ಬೀಳುವಿಕೆಯ ರಕ್ಷಣೆ ಎರಡನ್ನೂ ಒಂದೇ ಬಟ್ಟೆಯಲ್ಲಿ ಕೊಡುವ ಯತ್ನಗಳಲ್ಲಿ ಇದು ಗಮನಾರ್ಹವಾದದ್ದು.

ಈ ಹಂತದಲ್ಲಿ ಎರಡು ವಸ್ತುಗಳ ಸ್ವಭಾವದ ವ್ಯತ್ಯಾಸ ಮೊದಲ ಬಾರಿಗೆ ನಿಜವಾದ ಪ್ರಶ್ನೆಯಾಯಿತು. ಚರ್ಮದೊಳಗಿನ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳು ಎಲ್ಲ ದಿಕ್ಕುಗಳಿಗೂ ಹೆಣೆದುಕೊಂಡಿರುವುದರಿಂದ ಒಂದು ಕಡೆ ಕಡಿದರೂ ಎಳೆ ಬಿಚ್ಚಿಕೊಂಡು ಹೋಗುವುದಿಲ್ಲ. ಅದು ಪದರ ಪದರವಾಗಿ ಸವೆಯುತ್ತದೆ, ಕರಗುವುದಿಲ್ಲ. ನೇಯ್ದ ಬಟ್ಟೆಯಲ್ಲಿ ಒಂದು ಎಳೆ ಕಡಿದರೆ ಪಕ್ಕದ ಎಳೆಗಳ ಹಿಡಿತವೂ ಸಡಿಲಗೊಳ್ಳುತ್ತದೆ. ನೈಲಾನ್ ಸುಮಾರು 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ವಸ್ತುವಾದ್ದರಿಂದ, ಡಾಂಬರಿನ ಮೇಲೆ ಉಜ್ಜುವ ಕಾವಿಗೆ ಕರಗಿ ಗಾಯಕ್ಕೆ ಅಂಟಿಕೊಳ್ಳುವ ಅಪಾಯವೂ ಇದೆ. ಅರಾಮಿಡ್ ನಾರು ಕರಗುವುದಿಲ್ಲವಾದರೂ ಬಿಸಿಲಿನ ನೇರಳಾತೀತ ಕಿರಣಗಳಿಗೆ ದುರ್ಬಲವಾಗುವುದರಿಂದ ಅದನ್ನು ಸಾಮಾನ್ಯವಾಗಿ ಒಳಪದರವಾಗಿ ಹೊಲಿಯುತ್ತಾರೆ. ಇತ್ತ ಚರ್ಮದ ಉಡುಪಿನ ಬಲವೆಲ್ಲ ಅದರ ಹೊಲಿಗೆಯ ಬಲಕ್ಕೆ ಸೀಮಿತ: ದಪ್ಪ ಚರ್ಮವಿದ್ದೂ ಹೊಲಿಗೆ ಬಿಚ್ಚಿದರೆ ಮೈ ಬಯಲಾಗುತ್ತದೆ.

ಇದನ್ನೆಲ್ಲ ಅಳತೆಗೆ ತಂದದ್ದು ವಿಶ್ವವಿದ್ಯಾಲಯಗಳು. ಹ್ಯಾರಿ ಹರ್ಟ್ ನೇತೃತ್ವದ ತಂಡ ಲಾಸ್ ಏಂಜಲೀಸ್ ಸುತ್ತಲಿನ 900 ಮೋಟರ್‌ಸೈಕಲ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಕೇಂಬ್ರಿಡ್ಜ್‌ನ ರೋಡರಿಕ್ ವುಡ್ಸ್, ಬೀಳುವಾಗ ಉಡುಪಿನ ಯಾವ ಭಾಗಗಳಿಗೆ ಹೆಚ್ಚು ಹಾನಿಯಾಗುತ್ತದೆಂದು ಗುರುತಿಸಿ ಮೈಯನ್ನು ವಲಯಗಳಾಗಿ ವಿಂಗಡಿಸಿದರು, ಉಡುಪಿನ ತುಂಡನ್ನು ಓಡುತ್ತಿರುವ ಒರಟು ಪಟ್ಟಿಯ ಮೇಲೆ ಬೀಳಿಸಿ ಅದು ತೂತಾಗಲು ಹಿಡಿಯುವ ಕಾಲವನ್ನು ಅಳೆಯುವ ಯಂತ್ರ ರೂಪಿಸಿದರು. ಈ ವಿಧಾನವೇ 2002ರ ಯುರೋಪಿನ ಇಎನ್ 13595 ಮಾನದಂಡಕ್ಕೆ ಅಡಿಪಾಯವಾಯಿತು. ಸೆಕೆಂಡಿಗೆ 8 ಮೀಟರ್ ವೇಗದ ಪಟ್ಟಿಯ ಮೇಲೆ, ಹೆಚ್ಚು ಅಪಾಯದ ವಲಯಗಳ ಉಡುಪು ಮೊದಲ ಮಟ್ಟಕ್ಕೆ 4 ಸೆಕೆಂಡು, ಎರಡನೆಯ ಮಟ್ಟಕ್ಕೆ 7 ಸೆಕೆಂಡು ತಾಳಬೇಕೆಂಬುದು ಅದರ ನಿಯಮವಾಗಿತ್ತು.

ಒಳ್ಳೆಯ ಚರ್ಮ ಈ ಪರೀಕ್ಷೆಯನ್ನು ದಾಟುತ್ತಿತ್ತು. ಆ ಕಾಲದ ಬಟ್ಟೆಯ ಜಾಕೆಟ್ಟುಗಳಲ್ಲಿ ಹೆಚ್ಚಿನವು ದಾಟುತ್ತಿರಲಿಲ್ಲ. ಆಗ ನಡೆದದ್ದು ಈ ಚರಿತ್ರೆಯಲ್ಲೇ ಅರ್ಥಪೂರ್ಣವಾದ ತಿರುವು. ರಕ್ಷಾ ಸಾಧನಗಳ ಬಗ್ಗೆ ಯುರೋಪ್ 1989ರಲ್ಲಿ ಮಾಡಿದ್ದ ನಿರ್ದೇಶನವು ಖಾಸಗಿ ಬಳಕೆಯ ಹವಾರಕ್ಷಣೆಯ ಉಡುಪುಗಳಿಗೆ ವಿನಾಯಿತಿ ಕೊಟ್ಟಿತ್ತು. ಅನೇಕ ತಯಾರಕರು ತಮ್ಮ ಜಾಕೆಟ್ಟು ಗಾಳಿ ಮಳೆಗೆ ಮಾತ್ರ, ಅದರೊಳಗಿನ ಕವಚಗಳಷ್ಟೇ ರಕ್ಷಾ ಸಾಧನ ಎಂದು ಹೇಳಿ ಪರೀಕ್ಷೆಯಿಂದ ಹೊರಗುಳಿದರು. ಆ ನಿರ್ದೇಶನದ ಬದಲಿಗೆ ಹೊಸ ನಿಯಮಾವಳಿ 2018ರಲ್ಲಿ ಜಾರಿಗೆ ಬಂದ ಮೇಲೆ, 2020ರ ಇಎನ್ 17092 ಮಾನದಂಡವು ಉಡುಪುಗಳನ್ನು ಎಎಎ, ಎಎ, ಎ, ಬಿ, ಸಿ ಎಂಬ ವರ್ಗಗಳಾಗಿ ವಿಂಗಡಿಸಿತು. ತಿರುಗುವ ಯಂತ್ರದಿಂದ ಕಾಂಕ್ರೀಟಿನ ಮೇಲೆ ಉಡುಪಿನ ತುಂಡನ್ನು ಬೀಳಿಸಿ ಜಾರಿಸುವ ಇದರ ಪರೀಕ್ಷೆಯಲ್ಲಿ, ಅತಿ ಅಪಾಯದ ವಲಯಕ್ಕೆ ಎಎಎ ವರ್ಗದಲ್ಲಿ ಗಂಟೆಗೆ ಸುಮಾರು 120 ಕಿಲೊಮೀಟರ್, ಎಎ ವರ್ಗದಲ್ಲಿ 70, ಎ ವರ್ಗದಲ್ಲಿ 45 ಕಿಲೊಮೀಟರ್ ವೇಗಕ್ಕೆ ಸಮನಾದ ಆರಂಭದ ತಿರುಗು ಇರುತ್ತದೆ. ಬಿ ವರ್ಗದಲ್ಲಿ ಉಜ್ಜಿಕೆಯ ರಕ್ಷಣೆಯಿದ್ದು ಕವಚವಿರುವುದಿಲ್ಲ; ಸಿ ವರ್ಗದ್ದು ಕವಚವನ್ನು ಹಿಡಿದಿಡುವ ಉಡುಪಷ್ಟೇ. ಈ ಪಟ್ಟಿಯಲ್ಲಿ ಚರ್ಮ, ಬಟ್ಟೆ ಎಂಬ ಭೇದವೇ ಇಲ್ಲವೆಂಬುದು ಗಮನಿಸತಕ್ಕದ್ದು.

ಹೆಸರಿಗಿಂತ ಗುಣಮಟ್ಟ ಮುಖ್ಯವೆಂಬುದಕ್ಕೆ ಆಸ್ಟ್ರೇಲಿಯಾದ ಅಧ್ಯಯನವೂ ಸಾಕ್ಷಿ. ಲಿಜ್ ಡಿ ರೋಮ್ ಮತ್ತು ಸಂಗಡಿಗರು ಅಪಘಾತಕ್ಕೀಡಾದ 212 ಸವಾರರನ್ನು ಪರಿಶೀಲಿಸಿ 2011ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ಸವಾರಿಯ ಜಾಕೆಟ್, ಪ್ಯಾಂಟು, ಕೈಗವಸು ತೊಟ್ಟವರು ಆಸ್ಪತ್ರೆ ಸೇರುವ ಸಂಭವ ತೊಡದವರಿಗಿಂತ ಗಣನೀಯವಾಗಿ ಕಡಿಮೆಯಿತ್ತು. ಆದರೆ ಅಪಘಾತದಲ್ಲಿ ನೆಲಕ್ಕುಜ್ಜಿದ ಜಾಕೆಟ್ಟುಗಳಲ್ಲಿ ಶೇಕಡಾ 29.7, ಪ್ಯಾಂಟುಗಳಲ್ಲಿ ಶೇಕಡಾ 28.1, ಕೈಗವಸುಗಳಲ್ಲಿ ಶೇಕಡಾ 25.7 ಹರಿದೋ ತೂತಾಗಿಯೋ ಸೋತಿದ್ದವು. ಅದೇ ದೇಶದಲ್ಲಿ 2018ರಲ್ಲಿ ಆರಂಭವಾದ ಮೋಟೊಕ್ಯಾಪ್ ಎಂಬ ಮೌಲ್ಯಮಾಪನ ವ್ಯವಸ್ಥೆಯು ಉಡುಪಿನ ರಕ್ಷಣೆಗೆ ಒಂದು, ಬಿಸಿ ಹವೆಯಲ್ಲಿ ಅದರ ಸಹನೀಯತೆಗೆ ಇನ್ನೊಂದು ಎಂದು ಪ್ರತ್ಯೇಕ ಅಂಕ ಕೊಡುತ್ತದೆ. ಸೆಕೆಗೆ ಬೇಸತ್ತ ಸವಾರ ಉಡುಪನ್ನು ಬಿಚ್ಚಿಟ್ಟರೆ ಅದರ ಬಲವೆಲ್ಲ ವ್ಯರ್ಥವೆಂಬ ಅರಿವು ಈ ಎರಡನೆಯ ಅಂಕದ ಹಿಂದಿದೆ.

ಭಾರತದಲ್ಲಿ ಈ ಚರಿತ್ರೆ ತಡವಾಗಿ ಬಂದಿತು. ಮದರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಇಂಡಿಯಾ, 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಮೋಟರ್‌ಸೈಕಲ್ ತಯಾರಿಸತೊಡಗಿದರೂ, ಅವುಗಳ ಸವಾರರಿಗೆ ಮಳೆಗಾಲದ ರೈನ್‌ಕೋಟು ಮತ್ತು ಚಳಿಗಾಲದ ಸ್ವೆಟರೇ ಉಡುಪಾಗಿದ್ದವು. ಮೋಟರು ವಾಹನ ಕಾಯಿದೆ, 1988ರ 129ನೆಯ ಕಲಮು ತಲೆಯ ರಕ್ಷಣೆಯನ್ನು ಮಾತ್ರ ಕಡ್ಡಾಯಗೊಳಿಸುತ್ತದೆ. ಕರ್ನಾಟಕ 2016ರ ಜನವರಿಯಲ್ಲಿ ಹಿಂಬದಿ ಸವಾರರಿಗೂ ಹೆಲ್ಮೆಟ್ ನಿಯಮವನ್ನು ಜಾರಿಗೆ ತಂದಿತು. ಮೈಯ ಉಡುಪಿನ ಮಾತು ಆ ಕಲಮಿನಲ್ಲಿಲ್ಲ. ಚೆನ್ನೈ, ಆಂಬೂರು, ಕಾನ್ಪುರಗಳ ಚರ್ಮೋದ್ಯಮ ಲೋಕಕ್ಕೆಲ್ಲ ಚರ್ಮದ ಸರಕು ಕಳಿಸುತ್ತಿದ್ದರೂ, ಇಲ್ಲಿನ ದೂರಪ್ರಯಾಣದ ಸವಾರರು ಹೆಚ್ಚಾಗಿ ಜಾಲರಿ ನೇಯ್ಗೆಯ ಬಟ್ಟೆಯ ಜಾಕೆಟ್ಟನ್ನೇ ಆರಿಸಿಕೊಂಡಿದ್ದಾರೆ. ಕಲಬುರಗಿಯ ಬೇಸಿಗೆಯಲ್ಲಿ ಚರ್ಮದೊಳಗೆ ಮೈ ಬೇಯುತ್ತದೆ, ಆಗುಂಬೆಯ ಮಳೆಯಲ್ಲಿ ಅದು ನೆನೆದು ತೂಕವಾಗುತ್ತದೆ, ಮಲೆನಾಡಿನ ತೇವದಲ್ಲಿ ಕಪಾಟಿನೊಳಗೇ ಬೂಷ್ಟು ಹಿಡಿಯುತ್ತದೆ. ಬ್ರಿಟನ್ನಿನ ಮಳೆ ಮೇಣಬಟ್ಟೆಯನ್ನು ಗೆಲ್ಲಿಸಿದಂತೆ ಇಲ್ಲಿನ ಸೆಕೆ ಜಾಲರಿಯನ್ನು ಗೆಲ್ಲಿಸಿದೆ. ಆದರೆ ಗಾಳಿಯಾಡಲೆಂದು ಬಿಟ್ಟ ತೂತುಗಳೇ ಉಜ್ಜಿಕೆಯೆದುರು ಬಟ್ಟೆಯ ಬಲ ಕುಗ್ಗಿಸುತ್ತವೆ. ಮೊಣಕೈ, ಹೆಗಲು, ಸೊಂಟದ ಭಾಗಗಳಲ್ಲಿ ಒತ್ತು ನೇಯ್ಗೆಯಿದ್ದು ಎದೆ ಬೆನ್ನುಗಳಲ್ಲಷ್ಟೇ ಜಾಲರಿಯಿರುವ ಉಡುಪಿಗೂ ಪೂರ್ತಿ ಜಾಲರಿಯ ಅಗ್ಗದ ಉಡುಪಿಗೂ ಇರುವ ಅಂತರವನ್ನು ಕೊಳ್ಳುವವರು ಗಮನಿಸುವುದು ಕಡಿಮೆ.

ಹೀಗೆ ನೋಡಿದಾಗ, ಚರ್ಮ ಮತ್ತು ಬಟ್ಟೆಗಳ ನಡುವಿನ ಹಳೆಯ ವಾದವು ತಪ್ಪು ಜಾಗದಲ್ಲಿ ಗೆರೆ ಎಳೆದಿತ್ತೆಂದು ತೀರ್ಮಾನಿಸಬೇಕಾಗುತ್ತದೆ. ಪಂದ್ಯದ ಹಾದಿಯ ವೇಗದಲ್ಲಿ ಚರ್ಮಕ್ಕೆ ಸಾಟಿಯಾಗುವ ಬಟ್ಟೆ ಇನ್ನೂ ಅಪರೂಪ. ದಿನದ ಓಡಾಟಕ್ಕೂ ದೂರದ ಪ್ರಯಾಣಕ್ಕೂ ಒಳ್ಳೆಯ ಬಟ್ಟೆಯ ಉಡುಪು ಸಾಕಾಗುತ್ತದೆ. ಕೊಳ್ಳುವವರು ನೋಡಬೇಕಾದದ್ದು ಒಳಗಿನ ಪಟ್ಟಿಯಲ್ಲಿ ನಮೂದಾದ ಪರೀಕ್ಷಾ ವರ್ಗ, ಹೊಲಿಗೆಯ ಸಾಲುಗಳು, ಕವಚ ಕೂರುವ ಜಾಗ ಮತ್ತು ಮೈಗೆ ಹೊಂದಿಕೊಳ್ಳುವ ಅಳತೆ. ಇವುಗಳ ನಂತರ, ತಮ್ಮ ಊರಿನ ಬಿಸಿಲಿನಲ್ಲಿ ಅದನ್ನು ಪ್ರತಿದಿನ ತೊಡಲಾದೀತೇ ಎಂಬುದು. ಹೆಲ್ಮೆಟ್ಟಿಗೆ ಇರುವಂತೆ ಈ ಉಡುಪುಗಳಿಗೂ ಪರೀಕ್ಷೆ ಮತ್ತು ಗುರುತಿನ ಪಟ್ಟಿ ಭಾರತದ ಮಾರುಕಟ್ಟೆಯಲ್ಲಿ ಕಡ್ಡಾಯವಾದರೆ, ಆಯ್ಕೆ ಅಭಿಮಾನದ ಮಾತಾಗದೆ ತಿಳಿವಳಿಕೆಯ ಮಾತಾಗುತ್ತದೆ.